ನೋಡುವ ಮೊದಲೇ ಹೇಳಬೇಕು

ರಿಟೈರ್ ಆದ ಮೇಲೆ ಬಿ.ಪಿ. ಇಳಿಯುತ್ತದೆ ಎಂದು ನಮ್ಮ ಡಾಕ್ಟರು ಭರವಸೆ ಕೊಟ್ಟಿದ್ದರು. ಇಳಿಯಲಿಲ್ಲ. “ಅಲ್ರೀ ಮೇಡಂ, ನೀವು ನೋಡೂದು ಆಕಾಶದಾಗಿನ ಚುಕ್ಕಿ. ಅದಕ್ಯಾಕ ಬಿ.ಪಿ. ಏರಬೇಕು?” ಎಂದು ಅವರು ಕೇಳಿದಾಗ ನನಗೆ ನಗು ಬಂತು. ಚುಕ್ಕಿ ಪಾಪ ತನ್ನ ಪಾಡಿಗೆ ತಾನಿರುತ್ತದೆ. ಅದರ ಬಗ್ಗೆ ನಾವೊಂದು ಮಾತು ಹೇಳಿರುತ್ತೇವಲ್ಲ, ಆ ಮಾತು ಸುಳ್ಳಾದರೆ ಹೇಗೆ ಎಂದು ಎದೆ ಹೊಡೆದುಕೊಳ್ಳುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗೀಗ ನನ್ನ ಹತ್ತಿರ ಬರುತ್ತಾರೆ. ಏನು ಓದಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅದನ್ನು ಯಾರಾದರೂ ಹೇಳಿಕೊಟ್ಟಾರು. ಯಾವುದಕ್ಕೆ ಹೆದರಬೇಕು, ಎಷ್ಟು ಹೆದರಬೇಕು, ಎಲ್ಲಿಗೆ ಹೆದರಿಕೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಹುಟ್ಟಾ ಅಂಜುಬುರುಕಿ, ಹಾಗಾಗಿ ಈ ವಿಷಯದಲ್ಲಿ ನನಗೆ ಒಳ್ಳೇ ಅನುಭವವಿದೆ.

ನನ್ನದು ಬನಹಟ್ಟಿಯ ನೇಕಾರರ ಮನೆ. ಜಮಖಂಡಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಪಾಠ ಮುಗಿದ ಮೇಲೆ ಲ್ಯಾಬಿನ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು, ಉಪಗ್ರಹಗಳು ಕಳಿಸಿದ ಎಕ್ಸ್-ರೇ ಮಾಹಿತಿಯನ್ನು ಜಾಲಾಡುತ್ತಿದ್ದೆ. ‘ಎಕ್ಸ್-ರೇ ಮೇಡಂ’ ಎಂಬ ಹೆಸರು ಊರಲ್ಲಿ ಹೇಗೋ ಹಬ್ಬಿತು. ಒಂದು ದಿನ ಹಿಪ್ಪರಗಿಯಿಂದ ಒಬ್ಬ ಹಿರಿಯರು ಕುಂಟುತ್ತಾ ಬಂದು, ಕವರಿನಿಂದ ತಮ್ಮ ಮೊಣಕಾಲಿನ ಫಿಲ್ಮ್ ತೆಗೆದು ಮೇಜಿನ ಮೇಲಿಟ್ಟರು.

“ಅಜ್ಜಾರ, ನಾನು ಈ ಎಕ್ಸ್-ರೇ ನೋಡೂದಿಲ್ರಿ. ಆಕಾಶದಾಗ ಭಾಳ ದೂರ ನಕ್ಷತ್ರ ಇರತಾವಲ್ರಿ, ಅವು ಬಿಡೂ ಎಕ್ಸ್-ರೇ ನೋಡತೀನಿ,” ಎಂದೆ.

ಅವರು ಫಿಲ್ಮನ್ನು ಇನ್ನಷ್ಟು ನನ್ನ ಕಡೆ ಸರಿಸಿದರು. “ಅಷ್ಟು ದೂರದ್ದು ಕಾಣತೈತಿ, ಕೈಯಾಗಿಂದು ಕಾಣಂಗಿಲ್ಲೇನ್ರಿ?”

ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದ ಹಾಗೆ ಮಾಡಿ, ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸಿದೆ. ಆಮೇಲೆ ವಾರಗಟ್ಟಲೆ ಒದ್ದಾಡಿದೆ. ನಾನು ನೋಡಿದ್ದನ್ನೇ ಅವರು ‘ಮೇಡಂ ನೋಡ್ಯಾರ, ಏನೂ ಆಗಿಲ್ಲಂತ’ ಎಂದು ತಿಳಿದುಕೊಂಡು ಸುಮ್ಮನೆ ಕೂತುಬಿಟ್ಟಿದ್ದರೆ? ಕಡೆಗೆ ಸಂತೆಯಲ್ಲಿ ಅವರನ್ನು ಕಂಡು, ಕುಂಟದೆ ನಡೆಯುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಸಮಾಧಾನವಾಯಿತು. ನನ್ನ ಸ್ವಭಾವ ಅಂಥದ್ದು.

ಈಗ ಕೆಲಸದ ಮಾತು. ಸುರುಳಿ ಗೆಲಾಕ್ಸಿಗಳ ಚಿತ್ರವನ್ನು ನೀವು ನೋಡಿರುತ್ತೀರಿ. ನಡುವೆ ಬೆಳಕಿನ ಉಂಡೆ, ಸುತ್ತ ಬಾಗಿದ ತೋಳುಗಳು. ಅದೇ ಗೆಲಾಕ್ಸಿಯನ್ನು ಎಕ್ಸ್-ರೇಯಲ್ಲಿ ನೋಡಿದರೆ ಆ ತೋಳುಗಳಲ್ಲಿ, ನಡುವಿನಿಂದ ದೂರದಲ್ಲಿ, ಒಂದೆರಡು ಚುಕ್ಕೆ ಮಾತ್ರ ಧಗಧಗಿಸುತ್ತಿರುತ್ತವೆ. ನಮ್ಮ ಸೂರ್ಯನಂಥ ಲಕ್ಷಾಂತರ ಸೂರ್ಯರು ಕೂಡಿ ಚೆಲ್ಲುವ ಶಕ್ತಿಯನ್ನು ಅಂಥ ಒಂದೇ ಚುಕ್ಕೆ ಎಕ್ಸ್-ರೇಯಲ್ಲಿ ಚೆಲ್ಲುತ್ತದೆ. ಯಾವುದೋ ಭಾರವಾದ, ಸಣ್ಣ ವಸ್ತು ಪಕ್ಕದ ನಕ್ಷತ್ರದ ಅನಿಲವನ್ನು ಎಳೆದು ನುಂಗುತ್ತಿದೆ, ಬೀಳುವ ಅನಿಲ ಕಾದು ಹಾಗೆ ಉರಿಯುತ್ತಿದೆ ಎಂಬಷ್ಟು ಗೊತ್ತು. ನುಂಗುವವರು ಯಾರು ಎಂಬುದೇ ಪ್ರಶ್ನೆ. ಇಷ್ಟು ಉರಿಯಬೇಕಾದರೆ ಅದು ದೊಡ್ಡ ಕಪ್ಪುರಂಧ್ರವೇ ಇರಬೇಕು ಎಂದು ನಾವೆಲ್ಲ ಬಹಳ ಕಾಲ ನಂಬಿದ್ದೆವು. ಪಾಠ ಮಾಡಿದೆವು, ಲೇಖನ ಬರೆದೆವು.

ಇನ್ನೊಂದು ಮಾತು. ಎಲ್ಲರೂ ‘ರಾತ್ರಿ ಎದ್ದು ದುರ್ಬೀನು ಹಿಡಿತೀರೇನು’ ಎಂದು ಕೇಳುತ್ತಾರೆ. ಗಾಳಿಯನ್ನು ದಾಟಿ ಎಕ್ಸ್-ರೇ ಕೆಳಗಿಳಿಯುವುದಿಲ್ಲ, ಆದ್ದರಿಂದ ದುರ್ಬೀನು ಮೇಲೆ ಉಪಗ್ರಹದಲ್ಲಿರುತ್ತದೆ. ನಾವು ಹಗಲು ಹೊತ್ತು, ಚಹಾ ಕುಡಿಯುತ್ತಾ, ಕರೆಂಟು ಇದ್ದಾಗ ಕೆಲಸ ಮಾಡುವವರು.

ನನಗೆ ಈ ದಾರಿ ತೋರಿಸಿದವರು ವಾಮನರಾವ್ ಸರ್. ಜಮಖಂಡಿಯ ಪುರೋಹಿತರ ಮನೆಯವರು, ಪುಣೆಯ ಒಂದು ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಇಂಟರ್‌ನೆಟ್ ನಮ್ಮ ಕಡೆ ತೆವಳುತ್ತಿದ್ದ ಕಾಲದಲ್ಲಿ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಕೋಪ ಬಂದರೆ ಮರಾಠಿ, ಇಳಿದರೆ ಕನ್ನಡ.

ಒಂದು ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಒಂದು ಚುಕ್ಕೆಯ ಹಿಂದೆ ಬಿದ್ದೆವು. ಅದರ ಬೆಳಕು ಸುಮಾರು ಹನ್ನೆರಡು ನಿಮಿಷಕ್ಕೊಮ್ಮೆ ಕುಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಮತ್ತೆ ಕುಗ್ಗುತ್ತಿತ್ತು, ತಾಳ ಹಾಕಿದ ಹಾಗೆ. ಸರ್ ಕುರ್ಚಿ ಬಿಟ್ಟೆದ್ದು ಕೋಣೆ ತುಂಬ ಓಡಾಡಿದರು. ಪಕ್ಕದ ನಕ್ಷತ್ರ ಅಡ್ಡ ಬರುತ್ತಿದೆ ಎಂದು ಲೆಕ್ಕ ಹಾಕಿದೆವು, ಲೇಖನ ಬರೆದೆವು, ಕಳಿಸುವುದೊಂದೇ ಬಾಕಿ. ನಾನು ಊರಿಗೆ ಬಂದೆ.

ನಮ್ಮ ಮನೆಯಲ್ಲಿ ತಮ್ಮ ಮಲ್ಲಪ್ಪ ಪವರ್‌ಲೂಮ್ ನಡೆಸುತ್ತಾನೆ. ಅವತ್ತು ಒಂದು ಸೀರೆ ಹರಡಿಕೊಂಡು ಬೈಯುತ್ತಾ ಕೂತಿದ್ದ. ಸೀರೆಗೆ ಅಡ್ಡಲಾಗಿ ಸಣ್ಣ ಗೆರೆಗಳು, ಒಂದರಿಂದ ಒಂದಕ್ಕೆ ಸಮ ಅಂತರ. ಬನಹಟ್ಟಿಯಲ್ಲಿ ಹುಟ್ಟಿದ ಯಾವ ಮಗುವಿಗೂ ಇದು ಗೊತ್ತು: ಗೆರೆ ಎಲ್ಲೆಂದರಲ್ಲಿ ಬಿದ್ದಿದ್ದರೆ ನೂಲನ್ನು ನೋಡಬೇಕು, ಸಮ ಅಂತರದಲ್ಲಿ ಬಿದ್ದಿದ್ದರೆ ಮಗ್ಗದ ಗಾಲಿಯ ಹಲ್ಲು ನೋಡಬೇಕು. ನನಗೂ ಗೊತ್ತಿತ್ತು. ಆ ಸೀರೆ ನೋಡಿದ ಕೂಡಲೇ ನಮ್ಮ ಚುಕ್ಕೆಯ ತಾಳ ನೆನಪಾಯಿತು.

ನಮ್ಮ ಉಪಗ್ರಹದ ದುರ್ಬೀನು ನೆಟ್ಟ ಕಣ್ಣಿನಿಂದ ನೋಡುವುದಿಲ್ಲ. ಚುಕ್ಕೆಯ ಬೆಳಕು ಕ್ಯಾಮೆರಾದ ಒಂದೇ ಜಾಗಕ್ಕೆ ಬೀಳದಿರಲಿ ಎಂದು ಅದನ್ನು ಬೇಕಂತಲೇ ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಾರೆ. ನಮ್ಮ ಚುಕ್ಕೆ ಬಿದ್ದಿದ್ದು ಕ್ಯಾಮೆರಾದ ಅಂಚಿನಲ್ಲಿ. ತೊಟ್ಟಿಲು ಆ ಕಡೆ ಹೋದಾಗಲೆಲ್ಲ ಚುಕ್ಕೆ ಅಂಚಿನಾಚೆ ಜಾರುತ್ತಿತ್ತು, ಈ ಕಡೆ ಬಂದಾಗ ಮರಳುತ್ತಿತ್ತು. ನಾವು ಕಂಡುಹಿಡಿದದ್ದು ನಮ್ಮದೇ ತೊಟ್ಟಿಲಿನ ತೂಗಾಟ! ಇಂಥ ತಪ್ಪು ಮಾಡಬೇಕಾದರೂ ನಮ್ಮ ಕೆಲಸದವರೇ ಆಗಬೇಕು.

ಎಸ್.ಟಿ.ಡಿ. ಬೂತಿಗೆ ಓಡಿದೆ. ಸರ್‌ಗೆ ಎಲ್ಲ ಹೇಳಿದೆ. ಮರಾಠಿಯಲ್ಲಿ ಬೈಗುಳ ಬರುತ್ತದೆ ಎಂದು ಕಾದೆ. ಬಂದದ್ದು ಮೆತ್ತಗಿನ ಕನ್ನಡ.

“ಸಾವಿತ್ರಿಬಾಯಿ, ನಾವು ಮೊದಲ ನೋಡಿದ್ವಿ, ಆಮ್ಯಾಲೆ ಕಾರಣ ಹುಡುಕಿದ್ವಿ. ಹಂಗ ಹುಡುಕಿದ್ರ ಏನರೆ ಒಂದು ಸಿಕ್ಕ ಸಿಗ್ತದ. ಇನ್ನ ಮ್ಯಾಲೆ ಉಲ್ಟಾ ಮಾಡೋಣು. ಎಲ್ಲಿ ಕಾಣಬೇಕು ಅಂತ ಮೊದಲ ಬಾಯಿಬಿಟ್ಟು ಹೇಳೋದು, ಬರದು ಇಡೋದು. ಆಮ್ಯಾಲೆ ನೋಡೋದು. ಅಲ್ಲಿ ಇಲ್ಲಂದ್ರ, ಇಲ್ಲ. ಮುಗೀತು.”

ಮುಂದೆ ನಮ್ಮ ಕೆಲಸದ ಪದ್ಧತಿಯೇ ಇದಾಯಿತು. ಸಿ.ಡಿ. ಹೋಯಿತು, ಡೌನ್‌ಲೋಡ್ ಬಂತು, ಕಂಪ್ಯೂಟರುಗಳು ಬದಲಾದವು, ಈ ಒಂದು ಪದ್ಧತಿ ಉಳಿಯಿತು. ಆದರೆ ಖರೆ ಹೇಳಬೇಕೆಂದರೆ ಆ ತೊಟ್ಟಿಲು ನನ್ನೊಳಗೆ ಹೆದರಿಕೆಯನ್ನು ಖಾಯಂ ಆಗಿ ಕೂರಿಸಿತು. ಆಮೇಲೆ ಯಾವ ಚುಕ್ಕೆ ಮಿನುಗಿದರೂ ‘ಗಾಲಿ ಹಲ್ಲು, ಗಾಲಿ ಹಲ್ಲು’ ಎಂದೇ ಮನಸ್ಸು ಬಡಬಡಿಸುತ್ತಿತ್ತು.

ನಂತರ ಒಂದು ಸುದ್ದಿ ಬಂತು, ನಮ್ಮ ನಂಬಿಕೆಯೇ ಬುಡಮೇಲಾಯಿತು. ಅಂಥ ಒಂದು ಉರಿಯುವ ಚುಕ್ಕೆಯಲ್ಲಿ ಯಾರೋ ನಾಡಿಮಿಡಿತ ಕಂಡಿದ್ದರು. ಸೆಕೆಂಡು ಸೆಕೆಂಡಿಗೆ ಏರಿಳಿಯುವ ಬೆಳಕು. ಕಪ್ಪುರಂಧ್ರಕ್ಕೆ ಹಾಗೆ ಮಿಡಿಯಲು ಮೈಯೇ ಇಲ್ಲ. ಅದು ನ್ಯೂಟ್ರಾನ್ ನಕ್ಷತ್ರ. ಸತ್ತ ನಕ್ಷತ್ರದ ಬಿಗಿದ ಗಟ್ಟಿ. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಮಾತ್ರ ಜಮಖಂಡಿಯಿಂದ ಮುಧೋಳದವರೆಗೆ. ಅಷ್ಟೇ! ಅದು ಗರಗರ ತಿರುಗುತ್ತಾ ತನ್ನ ತಾಕತ್ತಿಗೆ ಮೀರಿ ನುಂಗುತ್ತಿತ್ತು. ಇಂಥವು ಇನ್ನೆಷ್ಟಿವೆ ಎಂದು ಜಗತ್ತೆಲ್ಲ ಹುಡುಕಲು ಶುರುಮಾಡಿತು.

ಪದ್ಮಜಾ ನನ್ನ ಹತ್ತಿರ ಪಿಎಚ್.ಡಿ.ಗೆ ಬಂದದ್ದು ಆಗ. ತೇರದಾಳದ ಜೈನರ ಹುಡುಗಿ, ಅಪ್ಪನದು ಬೆಲ್ಲದ ವ್ಯಾಪಾರ. ಮುಧೋಳದ ಪಿಯು ಕಾಲೇಜಿನಲ್ಲಿ ಪಾಠ ಮಾಡಿ, ಮಧ್ಯಾಹ್ನದ ಬಸ್ಸಿಗೆ ಜಮಖಂಡಿಗೆ ಬರುತ್ತಿದ್ದಳು. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಬಸ್ಸು ತೆವಳುತ್ತಾ ಬರುತ್ತಿತ್ತು. ಬಾಗಿಲಲ್ಲೇ ನಿಂತು ಬೆವರು ಒರೆಸುತ್ತಾ, “ಮೇಡಂ, ಒಂದು ನ್ಯೂಟ್ರಾನ್ ನಕ್ಷತ್ರ ದಾಟಿ ಬಂದೆ ನೋಡ್ರಿ. ಬ್ಯಾಸರಾತು,” ಎನ್ನುತ್ತಿದ್ದಳು. ನನಗಿಂತ ನಾಲ್ಕು ಪಾಲು ಧೈರ್ಯ ಅವಳಿಗೆ.

ಅವಳು ಹುಡುಕಿದ್ದು ಒಂದು ಸುರುಳಿ ಗೆಲಾಕ್ಸಿಯ ತೋಳಿನಲ್ಲಿದ್ದ ಚುಕ್ಕೆ. ತೂಗಾಟವಿಲ್ಲದ ಬೇರೊಂದು ಉಪಗ್ರಹದ ಹಳೆಯ ಮಾಹಿತಿಯಲ್ಲಿ ಅವಳಿಗೆ ಮಿಡಿತ ಸಿಕ್ಕಿತು. ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಮಯಕ್ಕೊಂದು ಮಿಡಿತ. ಸಣ್ಣದು, ಆದರೆ ಗ್ರಾಫಿನಲ್ಲಿ ಮುಳ್ಳಿನಂತೆ ಎದ್ದು ನಿಂತಿತ್ತು.

“ಐತ್ರಿ ಮೇಡಂ!” ಎಂದು ಮೇಜು ಗುದ್ದಿದಳು.

“ಎಷ್ಟು ಕಡೆ ಹುಡುಕಿದ್ಯವ್ವಾ ಇದನ್ನ?” ಎಂದೆ.

ಅವಳ ಮುಖ ಸಣ್ಣದಾಯಿತು. ಲಕ್ಷಗಟ್ಟಲೆ ಬೇರೆ ಬೇರೆ ವೇಗಗಳನ್ನು ಒಂದೊಂದಾಗಿ ಹಾಕಿ ನೋಡಿದ್ದಳು. ಅಷ್ಟು ಕಡೆ ಕೈ ಹಾಕಿದರೆ ಎಲ್ಲೋ ಒಂದು ಕಡೆ ಸುಮ್ಮನೇ ಒಂದು ಮುಳ್ಳು ಏಳಬಹುದು. ಅದೇ ಚುಕ್ಕೆಯನ್ನು ಕೆಲವು ವರ್ಷಗಳ ನಂತರ ಸ್ವಲ್ಪ ಹೊತ್ತು ನೋಡಿದ್ದ ಮತ್ತೊಂದು ಮಾಹಿತಿಯೂ ಇತ್ತು. ಅದರಲ್ಲಿ ಬೆಳಕು ಕಡಿಮೆ. ಹುಡುಕಿದಳು, ಯಾವುದೂ ಎದ್ದು ಕಾಣಲಿಲ್ಲ.

ಮೂರನೆಯದೊಂದಿತ್ತು, ಅದು ನಮ್ಮ ಕೈಯಲ್ಲಿರಲಿಲ್ಲ. ವಿದೇಶದ ಒಂದು ತಂಡ ಅದೇ ಗೆಲಾಕ್ಸಿಯ ಬೇರೊಂದು ವಸ್ತುವಿಗಾಗಿ ಉಪಗ್ರಹದ ಸಮಯ ಪಡೆದಿತ್ತು. ನಮ್ಮ ಚುಕ್ಕೆ ಆ ಚಿತ್ರದ ಮೂಲೆಯಲ್ಲಿ ಬಂದಿತ್ತು. ನಮ್ಮಲ್ಲೊಂದು ನಿಯಮವಿದೆ: ಸಮಯ ಕೇಳಿ ಪಡೆದವರಿಗೆ ಒಂದು ವರ್ಷ ಆ ಮಾಹಿತಿಯ ಮೇಲೆ ಹಕ್ಕು, ಆಮೇಲೆ ಅದು ಜಗತ್ತಿನವರೆಲ್ಲರದು. ಆ ವರ್ಷ ಮುಗಿದ ಮೇಲೆ ಪದ್ಮಜಾಳ ಪ್ರಬಂಧ ಸಲ್ಲಿಸುವ ಕಡೆಯ ಗಡುವಿಗೆ ಉಳಿಯುವುದು ಬರೀ ಕೆಲವು ದಿನ. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಾಗಿತ್ತು, ಇನ್ನು ಕೊಡುವುದಿಲ್ಲ ಎಂದು ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಹೇಳಿತ್ತು.

ಮಿಡಿತ ಸೇರಿಸದಿದ್ದರೆ ಪ್ರಬಂಧದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸೇರಿಸಿ, ಅದು ಸುಳ್ಳು ಮುಳ್ಳು ಎಂದು ಬಯಲಾದರೆ ಅಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮ. ನಾನು ಕಾಯಬೇಕು ಎಂದೆ. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ, ಜನರ ಮುಂದೆಯೇ ಅವಳು ನನ್ನ ಮೇಲೆ ಹರಿಹಾಯ್ದಳು.

“ಯಾವಾಗ ಕೇಳಿದ್ರೂ ತಡೀ, ತಡೀ! ಆ ತಂಡದಾವ್ರು ಮೂಲಿ ಕಡೆ ಕಣ್ಣು ಹಾಯಿಸಿದ್ರ ನಂದು ಹೋತಲ್ರಿ? ಆಗ ಏನು ಮಾಡಲಿ?”

“ಸುಳ್ಳಾದ್ರ ಏನು ಮಾಡ್ತೀ?”

“ಸುಳ್ಳಾದ್ರ ಸುಳ್ಳಾತು! ನೀವು ಹೆದರೂದು ನನ್ನ ಸಲುವಾಗಿ ಏನ್ರಿ, ನಿಮ್ಮ ಸಲುವಾಗಿ ಏನ್ರಿ?”

ಬಸ್ಸು ಬಂತು, ಹತ್ತಿ ಹೋದಳು. ನಾನು ಅಲ್ಲೇ ನಿಂತೆ. ಅವಳ ಪ್ರಶ್ನೆಗೆ ಉತ್ತರ ನನಗೆ ಇವತ್ತಿಗೂ ಪೂರಾ ಗೊತ್ತಿಲ್ಲ. ನಾಲ್ಕು ದಿನ ಅವಳು ಬರಲಿಲ್ಲ. ಐದನೆಯ ದಿನ ಬಂದು ಏನೂ ಆಗದವಳ ಹಾಗೆ, “ಕಾಯ್ತೀನ್ರಿ,” ಎಂದು ಕಂಪ್ಯೂಟರ್ ಮುಂದೆ ಕೂತಳು.

ಆ ನಡುವೆ ನಾನು ರಿಟೈರ್ ಆದೆ. ಹಾರ, ಶಾಲು, ಭಾಷಣ, ಅವನ್ನು ಬರೆಯುವುದಿಲ್ಲ. ಕಾಲೇಜಿನ ಕೋಣೆ ಹೋಯಿತು. ಬನಹಟ್ಟಿಯ ನಮ್ಮ ಮನೆಯಲ್ಲಿ, ಮಗ್ಗದ ಶೆಡ್ಡಿಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು, ಹೊಸ ಲೇಖನಗಳು ಬರುವ ಜಾಲತಾಣ ತೆಗೆದು ನೋಡುತ್ತಿದ್ದೆ. ನಮ್ಮ ಗೆಲಾಕ್ಸಿಯ ಹೆಸರು ಕಂಡರೆ ಕಡೆಯ ಸಾಲಿನವರೆಗೂ ಓದುತ್ತಿದ್ದೆ. ಬೇರೇನೋ ವಿಷಯ ಎಂದು ಗೊತ್ತಾದ ಮೇಲೆ ಚಹಾ. ತೇರದಾಳದಿಂದ ಪದ್ಮಜಾಳ ಅಪ್ಪ ಫೋನ್ ಮಾಡಿ, “ನಮ್ಮ ಹುಡುಗಿದು ಆಗತೈತಿಲ್ರಿ ಮೇಡಂ?” ಎಂದು ಕೇಳಿದರೆ, “ಆಗತೈತ್ರಿ, ಯಾಕಾಗಂಗಿಲ್ಲ,” ಎನ್ನುತ್ತಿದ್ದೆ.

ಮಾಹಿತಿ ಎಲ್ಲರಿಗೂ ತೆರೆದ ದಿನ ಪದ್ಮಜಾ ರಜೆ ಹಾಕಿ ಬೆಳಿಗ್ಗೆಯೇ ಬಂದಳು. ಡೌನ್‌ಲೋಡ್ ಆಗುವವರೆಗೆ ಇಬ್ಬರ ಉಪ್ಪಿಟ್ಟೂ ತಟ್ಟೆಯಲ್ಲೇ ಆರಿತು. ಮೂಲೆಯ ಚುಕ್ಕೆಯ ಬೆಳಕನ್ನು ಬೇರೆ ಮಾಡಿ, ಮಿಡಿತ ಹುಡುಕಲು ಬಿಟ್ಟಳು. ಪಕ್ಕದಲ್ಲಿ ಮಗ್ಗಗಳ ಖಟಖಟ ಸದ್ದು. ನಮ್ಮ ಮನೆಯಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ, ನಿಂತರೆ ಮಾತ್ರ ಗೊತ್ತಾಗುತ್ತದೆ.

ಗ್ರಾಫು ಬಂತು. ಮುಳ್ಳು ಎದ್ದಿತ್ತು. ಆದರೆ ಹಳೆಯ ಜಾಗದಲ್ಲಿ ಇರಲಿಲ್ಲ, ತುಸು ಪಕ್ಕಕ್ಕಿತ್ತು.

“ಹೋತು,” ಎಂದೆ. “ಹೋತು, ಪದ್ಮಾ. ಬ್ಯಾರೆ ಬಂತು. ಅದೂ ಸುಳ್ಳು, ಇದೂ ಸುಳ್ಳು.”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಮೇಡಂ, ಕಡಿಮಿ ಆಗೇತ್ರಿ.”

“ಅದ ಹೇಳಾಕತ್ತೀನಿ.”

“ಅಲ್ರೀ, ಕೇಳ್ರಿ ಇಲ್ಲಿ. ಸಮಯ ಕಡಿಮಿ ಆಗೇತಿ. ಅಂದ್ರ ಮೊದಲಿಗಿಂತ ಜೋರು ತಿರುಗಾಕತ್ತೇತಿ. ಹಂಗ ಆಗಬೇಕಲ್ರಿ? ಮ್ಯಾಲೆ ಬೀಳೂ ಅನಿಲ ಅದನ್ನ ನೂಕಿ ನೂಕಿ ತಿರುಗಿಸತೈತಿ. ಅದ ಜಾಗಾದಾಗ ಸಿಕ್ಕಿದ್ರ ನಾವು ಹೆದರಬೇಕಿತ್ರಿ!”

ಹೌದಲ್ಲ! ಗಾಲಿಯ ಹಲ್ಲು ವರ್ಷ ವರ್ಷಕ್ಕೆ ಜೋರಾಗುವುದಿಲ್ಲ. ಅಷ್ಟು ವರ್ಷದ ಹೆದರಿಕೆ ನನ್ನ ಕಣ್ಣಿಗೆ ಪಟ್ಟಿ ಕಟ್ಟಿಬಿಟ್ಟಿತ್ತು. ಆದರೂ ಎರಡು ಮುಳ್ಳು ಸಿಕ್ಕಿದ ಮೇಲೆ ಅವುಗಳ ನಡುವೆ ಕಥೆ ಕಟ್ಟುವುದು ಸುಲಭ. ತೊಟ್ಟಿಲಿನ ಸಲವೂ ಕಥೆ ಚೆನ್ನಾಗಿಯೇ ಇತ್ತು. ಪುಣೆಗೆ ಫೋನ್ ಹಚ್ಚಿದೆ. ಸರ್‌ಗೆ ಈಗ ಕಿವಿ ಸ್ವಲ್ಪ ಮಂದ, ಇಲ್ಲಿ ಮಗ್ಗದ ಗದ್ದಲ. ಕೂಗಿ ಕೂಗಿ ಹೇಳಿದೆ.

“ನಡುವಿಂದು ಒಂದು ಅದ ಅಂದಿದ್ರಲ್ಲಾ?” ಎಂದರು. “ಆ ಬೆಳಕು ಕಡಿಮಿ ಇದ್ದದ್ದು. ಅದರಾಗ ಎಲ್ಲಿ ಇರಬೇಕು ಅಂತ ಹೇಳ್ರಿ. ಮೊದಲ ಹೇಳ್ರಿ, ಆಮ್ಯಾಲೆ ನೋಡ್ರಿ.”

ಎಷ್ಟು ಸರಳ. ಇಡೀ ಊರಲ್ಲಿ ಒಬ್ಬನನ್ನು ಹುಡುಕುವುದು ಬೇರೆ, ವಿಳಾಸ ಹಿಡಿದು ಹೋಗಿ ಬಾಗಿಲು ತಟ್ಟುವುದು ಬೇರೆ. ಮೊದಲು ಪದ್ಮಜಾ ಊರೆಲ್ಲ ಹುಡುಕಿದ್ದಳು, ಅಷ್ಟು ಜನರ ನಡುವೆ ಸಣ್ಣ ಮುಳ್ಳು ಕಂಡಿರಲಿಲ್ಲ. ಈಗ ನಮ್ಮ ಹತ್ತಿರ ವಿಳಾಸವಿತ್ತು. ನಕ್ಷತ್ರ ಒಂದೇ ಸಮನೆ ಜೋರಾಗುತ್ತಾ ಬಂದಿದ್ದರೆ, ನಡುವಿನ ವರ್ಷದಲ್ಲಿ ಅದರ ಮಿಡಿತ ಎಷ್ಟಿರಬೇಕು? ಅವಳು ಲೆಕ್ಕ ಮಾಡಿದಳು. ಪಕ್ಕದ ನಕ್ಷತ್ರವನ್ನು ಅದು ಸುತ್ತುವುದರಿಂದ ತುಸು ಅತ್ತಿತ್ತ ಆಗಬಹುದು, ಅದಕ್ಕೂ ಜಾಗ ಬಿಟ್ಟಳು.

ಸೀರೆಗೆ ಗುರುತು ಹಾಕಲು ಮಲ್ಲಪ್ಪ ಇಟ್ಟುಕೊಂಡಿದ್ದ ಸೀಮೆಸುಣ್ಣ ತೆಗೆದುಕೊಂಡು ಬಂದೆ. ಶೆಡ್ಡಿನ ಗೋಡೆಯ ಮೇಲೆ ಉದ್ದಕ್ಕೆ ಒಂದು ಅಡ್ಡಗೆರೆ ಎಳೆದೆ. ಹಳೆಯ ಮುಳ್ಳಿನ ಗುರುತು ಈ ತುದಿಗೆ, ಹೊಸದು ಆ ತುದಿಗೆ. ನಡುವೆ ಪದ್ಮಜಾ ಹೇಳಿದಲ್ಲಿ ಮೇಲಿಂದ ಕೆಳಕ್ಕೆ ಎರಡು ಗೆರೆ, ಒಂದಕ್ಕೊಂದು ಹತ್ತಿರ. ಈ ಎರಡು ಗೆರೆಗಳ ಒಳಗೆ ಇದ್ದರೆ ಇದೆ. ಹೊರಗೆ ಎಷ್ಟೇ ಚೆಂದದ ಮುಳ್ಳು ಎದ್ದರೂ ಅದು ನಮ್ಮದಲ್ಲ. ಹಾಗೆಂದು ಇಬ್ಬರೂ ಬಾಯಿಬಿಟ್ಟು ಹೇಳಿದೆವು. ಮಲ್ಲಪ್ಪ ದೂರದಿಂದಲೇ ‘ಏನದು?’ ಎಂದು ಕೈಸನ್ನೆ ಮಾಡಿದ. ಮಗ್ಗ ನಡೆಯುವಾಗ ನಾವು ಕೈಯಲ್ಲೇ ಮಾತಾಡುವವರು. ‘ತಡಿ’ ಎಂದು ಕೈ ತೋರಿಸಿದೆ.

“ಬರ್ರಿ ಮೇಡಂ, ನೋಡೋಣ್ರಿ,” ಎಂದು ಪದ್ಮಜಾ ಕಿವಿಯ ಹತ್ತಿರ ಬಂದು ಕೂಗಿದಳು.

“ನೀ ಹೋಗು. ನನ್ನ ಕೈಲಿ ಆಗಂಗಿಲ್ಲ.”

ಅವಳು ಒಳಗೆ ಹೋದಳು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಏನೇನೋ ನೆನಪಾಯಿತು, ಹಿಪ್ಪರಗಿಯ ಅಜ್ಜನ ಮೊಣಕಾಲು ಕೂಡ. ಅವಳ ಅಪ್ಪನಿಗೆ ಏನು ಹೇಳಲಿ? ಇಲ್ಲದೇ ಹೋದರೆ ಇವಳು ನಾಳೆ ಮುಧೋಳದ ಬಸ್ಸು ಹತ್ತಿ ಅದೇ ಪಾಠಕ್ಕೆ ಹೇಗೆ ಹೋಗುತ್ತಾಳೆ? ಲೆಕ್ಕದಲ್ಲಿ ತಪ್ಪಿದ್ದರೆ? ಗೆರೆ ಇನ್ನೂ ಸ್ವಲ್ಪ ಅಗಲ ಬಿಡಬೇಕಿತ್ತೇ? ಕೈಯಲ್ಲಿ ಸೀಮೆಸುಣ್ಣ ಇತ್ತು. ಒಂದು ಕೂದಲಷ್ಟು ಆಚೆ ಸರಿಸಿದರೆ ಯಾರಿಗೂ ಗೊತ್ತಾಗದು ಎಂದು ಮನಸ್ಸಿಗೆ ಬಂತು. ಛೀ ಎಂದುಕೊಂಡು ಕೈ ಹಿಂದೆ ಕಟ್ಟಿಕೊಂಡೆ. ಒಳಗಿನಿಂದ ಅವಳು ಕೂಗಿದರೂ ನನಗೆ ಕೇಳಿಸುವಂತಿರಲಿಲ್ಲ. ತಿರುಗಿ ನೋಡುವ ಧೈರ್ಯವೂ ಇರಲಿಲ್ಲ.

ಹಿಂದಿನಿಂದ ಯಾರೋ ನನ್ನ ಬೆರಳು ಬಿಡಿಸಿದರು. ಪದ್ಮಜಾ ಸೀಮೆಸುಣ್ಣ ತೆಗೆದುಕೊಂಡಳು. ಗೋಡೆಯ ಹತ್ತಿರ ಹೋಗಿ, ಎರಡು ಗೆರೆಗಳ ನಡುವೆ ಒಂದು ಚುಕ್ಕಿ ಇಟ್ಟಳು.

ನಾನು ಅಲ್ಲೇ ನೂಲಿನ ಮೂಟೆಯ ಮೇಲೆ ಕೂತೆ. ಅವಳೂ ಬಂದು ನನ್ನ ಮಡಿಲಲ್ಲಿ ಮುಖ ಇಟ್ಟಳು. ಇಬ್ಬರ ಭುಜವೂ ಕುಲುಕುವುದನ್ನು ನೋಡಿ ಮಲ್ಲಪ್ಪ ಗಾಬರಿಯಾಗಿ ಮಗ್ಗ ನಿಲ್ಲಿಸಿದ. ಶೆಡ್ಡು ಒಮ್ಮೆಲೇ ಸ್ತಬ್ಧವಾಯಿತು.

“ಯಾಕಕ್ಕಾ, ಏನಾತು? ಇಲ್ಲಂತೇನು?”

ಪದ್ಮಜಾ ತಲೆ ಎತ್ತಿ, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ಐತ್ರಿ ಕಾಕಾ. ಹೇಳಿದಲ್ಲೇ ಐತ್ರಿ.”